ಅಂಗನವಾಡಿ, ಸರ್ಕಾರಿ ಶಾಲೆಯ ಎಲ್‌ಕೆಜಿ, ಕಾನ್ವೆಂಟ್: ಮೂರು ತುಂಬಿದ ಮಗುವನ್ನು ಎಲ್ಲಿಗೆ ಸೇರಿಸೋದು?

ಹೋದ ವಾರ ನನ್ನ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ಪಾಪುಗೆ ಮೂರು ತುಂಬ್ತು. ಇಲ್ಲೇ ಅಂಗನವಾಡಿಗೆ ಹಾಕ್ಲಾ, ಟೌನಿನ ಕಾನ್ವೆಂಟಿಗಾ? ಸರ್ಕಾರಿ ಸ್ಕೂಲಲ್ಲೂ ಎಲ್‌ಕೆಜಿ ಮಾಡವ್ರಂತೆ." ಅರ್ಧ ಗಂಟೆ ಮಾತಾಡಿದೆವು. ಫೋನ್ ಇಟ್ಟ ಮೇಲೆ ಹೇಳಬೇಕಾದ ಅರ್ಧ ಮಾತು ಬಾಯಲ್ಲೇ ಉಳಿಯಿತು ಅನ್ನಿಸಿತು. ಅವಳ ಹಾಗೆ ಯೋಚನೆ ಮಾಡುತ್ತಿರುವ ತಾಯಂದಿರು ಬೇಕಾದಷ್ಟು ಜನ ಇದ್ದಾರೆ. ಅದಕ್ಕೇ ಬರೆಯಲು ಕೂತೆ.

ನನಗೆ ಈ ಮೂರೂ ಹತ್ತಿರದಿಂದ ಗೊತ್ತು. ಮಗಳು ನರ್ಸರಿಯಿಂದ ಯುಕೆಜಿವರೆಗೆ ಕಾನ್ವೆಂಟಿನಲ್ಲಿ ಓದಿದವಳು. ಮಗ ಎರಡು ವರ್ಷ ಅಂಗನವಾಡಿಗೆ ಹೋಗಿ, ಮೂರನೇ ವರ್ಷ ಕರ್ನಾಟಕ ಪಬ್ಲಿಕ್ ಶಾಲೆಯ ಯುಕೆಜಿಗೆ ಸೇರಿದ. ನಮ್ಮದು ಟಿ. ನರಸೀಪುರ ತಾಲ್ಲೂಕು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಅಂಗನವಾಡಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಾಲ್ಲೂಕಿಗೇ, ನೂರು ಕೇಂದ್ರಗಳೊಂದಿಗೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ನಮ್ಮ ಅತ್ತೆ ಇವತ್ತಿಗೂ ಅದನ್ನು "ಬಾಲವಾಡಿ" ಅಂತಲೇ ಕರೆಯುತ್ತಾರೆ. ನನ್ನ ಗಂಡ ಗೋಧಿ ಉಪ್ಪಿಟ್ಟು ತಿಂದು ಬೆಳೆದದ್ದೂ ಅಲ್ಲೇ.

ಮೊದಲು ವಯಸ್ಸಿನ ಲೆಕ್ಕ

ಒಂದನೇ ತರಗತಿಗೆ ಸೇರಬೇಕಾದರೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ಸರ್ಕಾರ 2022ರಲ್ಲೇ ಆದೇಶ ಮಾಡಿತ್ತು. 2025-26ಕ್ಕೆ ಮಾತ್ರ ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳು ಸಾಕು ಅಂತ ಸಡಿಲ ಮಾಡಿದರು. 2026-27ರಿಂದ ಆರು ಕಡ್ಡಾಯ ಅಂತ ಆಗಲೇ ಹೇಳಿಬಿಟ್ಟಿದ್ದರು. ಆರರಿಂದ ಹಿಂದಕ್ಕೆ ಎಣಿಸಿ ನೋಡಿ: ಐದಕ್ಕೆ ಯುಕೆಜಿ, ನಾಲ್ಕಕ್ಕೆ ಎಲ್‌ಕೆಜಿ, ಮೂರಕ್ಕೆ ನರ್ಸರಿ. ಎರಡೂವರೆ ವರ್ಷದ ಕೂಸನ್ನು "ಸೀಟು ಹೋಗಿಬಿಡುತ್ತೆ" ಅನ್ನುವ ಭಯಕ್ಕೆ ಸೇರಿಸಿದರೆ ಮುಂದೆ ಎಲ್ಲೋ ಒಂದು ಕಡೆ ಅದು ಒಂದು ವರ್ಷ ಅದೇ ತರಗತಿಯಲ್ಲೇ ಕೂರಬೇಕಾಗುತ್ತದೆ. ಆ ವರ್ಷದ ಫೀಸನ್ನೂ ಕಟ್ಟಬೇಕು. ಯಾವ ಅವಸರವೂ ಬೇಡ.

ಇನ್ನೊಂದು ವಿಷಯ. ಸರ್ಕಾರಿ ಶಾಲೆಯ ಎಲ್‌ಕೆಜಿ ಇರುವುದು ನಾಲ್ಕು ತುಂಬಿದ ಮಕ್ಕಳಿಗೆ. ಹಾಗಾಗಿ ಮೂರರಿಂದ ನಾಲ್ಕರವರೆಗಿನ ಒಂದು ವರ್ಷಕ್ಕೆ ಕಾಸಿಲ್ಲದೆ ಸಿಗುವ ಜಾಗ ಅಂಗನವಾಡಿಯೇ. ಮೂರಕ್ಕಿಂತ ಚಿಕ್ಕ ಮಗು ಇದ್ದು, ನೀವು ಕೂಲಿಗೆ ಹೋಗುವವರಾದರೆ ಪಂಚಾಯ್ತಿಯಲ್ಲಿ "ಕೂಸಿನ ಮನೆ" ಇದೆಯಾ ಅಂತ ಕೇಳಿ.

ಕೈಯಿಂದ ಹೋಗುವ ದುಡ್ಡು

ಮಗಳ ಎಲ್‌ಕೆಜಿ ವರ್ಷದ ಚೀಟಿಗಳನ್ನು ಈಗಲೂ ಒಂದು ಕವರಿನಲ್ಲಿ ಇಟ್ಟಿದ್ದೇನೆ. ಫೀಸು 26,000. ವ್ಯಾನಿಗೆ ತಿಂಗಳಿಗೆ 900ರಂತೆ ಹತ್ತು ತಿಂಗಳಿಗೆ 9,000. ಪುಸ್ತಕ, ಯೂನಿಫಾರ್ಮ್, ಷೂ, ಬ್ಯಾಗು ಸೇರಿ 4,500. ಒಟ್ಟು 39,500. ಇದು ತಾಲ್ಲೂಕು ಕೇಂದ್ರದ ಲೆಕ್ಕ, ಬೆಂಗಳೂರಿನಲ್ಲಿ ಲಕ್ಷ ದಾಟುವ ಶಾಲೆಗಳಿವೆ. ಇದರ ಮೇಲೆ ಆನ್ಯುಯಲ್ ಡೇ ಡ್ರೆಸ್ಸು, ಫೋಟೋ, ಅದು ಇದು ಅಂತ ಹೋದದ್ದಕ್ಕೆ ಚೀಟಿಯೇ ಇಲ್ಲ. ಎಲ್‌ಕೆಜಿ, ಯುಕೆಜಿ ಎರಡೇ ವರ್ಷಕ್ಕೆ ಸುಮಾರು 80 ಸಾವಿರ ಆಯಿತು. ಆ ದುಡ್ಡಿಗಾಗಿ ಅವತ್ತು ಸಂಘದಲ್ಲಿ ಸಾಲ ಮಾಡಿದ್ದೆ.

ಮಗನಿಗೆ ಅಂಗನವಾಡಿಯಲ್ಲಿ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಆದರೆ ಸುಮ್ನೆ "ಫ್ರೀ" ಅಂತ ಹೇಳಿ ಮುಗಿಸುವುದು ಸರಿಯಲ್ಲ. ಅದು ನಮ್ಮೆಲ್ಲರ ತೆರಿಗೆಯ ದುಡ್ಡು. ಅಂಗಡಿಯಲ್ಲಿ ಸೋಪು ತಗೊಂಡಾಗಲೂ ನಾವು ಅದಕ್ಕೆ ಕೊಡುತ್ತಿದ್ದೇವೆ. ಅಂದರೆ ಕಾನ್ವೆಂಟಿಗೆ ಹಾಕುವವರು ಎರಡು ಸಲ ಕೊಡುತ್ತಾರೆ, ಒಂದು ಸಲ ತೆರಿಗೆಯಾಗಿ, ಇನ್ನೊಂದು ಸಲ ಫೀಸಾಗಿ. ಅಂಗನವಾಡಿ ಸರಿಯಿಲ್ಲ ಅಂತ ಕಂಡರೆ ಕೇಳುವ ಹಕ್ಕು ಅಲ್ಲಿಗೆ ಮಗುವನ್ನು ಕಳಿಸದವರಿಗೂ ಇದೆ.

ಖಾಸಗಿ ಶಾಲೆಯಲ್ಲಿ ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆಯ ಉಚಿತ) ಸೀಟು ಸಿಗಬಹುದು ಅಂತ ಕಾಯುವವರಿಗೆ ಒಂದು ಮಾತು. 2019-20ರಿಂದ ನಮ್ಮ ರಾಜ್ಯದಲ್ಲಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗುವುದಿಲ್ಲ. ಬಹುತೇಕ ಊರುಗಳಲ್ಲಿ ಸರ್ಕಾರಿ ಶಾಲೆ ಇದ್ದೇ ಇರುತ್ತದೆ. ಅದನ್ನು ನಂಬಿ ವರ್ಷ ಕಳೆಯಬೇಡಿ.

ಊಟ

ಇಲ್ಲಿ ಅಂಗನವಾಡಿಗೆ ಸಾಟಿಯೇ ಇಲ್ಲ. ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನು ಸಿಗಬೇಕು ಅಂತ ನಿಯಮ ಇದೆ. ಕ್ಷೀರಭಾಗ್ಯ ಯೋಜನೆ 2013ರಲ್ಲಿ ಬಂದ ಮೇಲೆ 150 ಮಿಲಿ ಹಾಲೂ ಇದೆ. ವಾರಕ್ಕೆ ಎರಡು ದಿನ ಮೊಟ್ಟೆ. ಬೆಳೆಯುವ ಮಗುವಿಗೆ ಅಕ್ಷರಕ್ಕಿಂತ ಮೊದಲು ಬೇಕಾದದ್ದು ಇದು. ನನ್ನ ಮಗ ಮನೆಯಲ್ಲಿ ತಟ್ಟೆ ದೂಕುತ್ತಿದ್ದವನು ಅಲ್ಲಿ ಹನ್ನೆರಡು ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಅನ್ನ ಸಾಂಬಾರು ಪೂರ್ತಿ ತಿನ್ನುತ್ತಿದ್ದ. ತಿಂಗಳಿಗೊಮ್ಮೆ ತೂಕ ನೋಡುತ್ತಾರೆ. ಎರಡು ತಿಂಗಳು ತೂಕ ಏರದೆ ಇದ್ದಾಗ ಅಂಗನವಾಡಿ ಟೀಚರ್ ನಮ್ಮ ಮನೆ ಬಾಗಿಲಿಗೇ ಬಂದು, ತಾಯಿ ಕಾರ್ಡ್ ತೆಗೆಸಿ, ಗೆರೆ ತೋರಿಸಿ, "ಹುಳದ ಮಾತ್ರೆ ಕೊಡಿಸಿದ್ರಾ ಅಕ್ಕಾ?" ಅಂತ ಕೇಳಿದರು. ಕಾನ್ವೆಂಟಿನಲ್ಲಿ ಮಗಳ ಡಬ್ಬಿ ಅರ್ಧ ವಾಪಸ್ ಬರುತ್ತಿತ್ತು. ಯಾರೂ ಕೇಳಿದ್ದಿಲ್ಲ.

ಆದರೆ ಈ ಊಟದ ಲೆಕ್ಕ ನೋಡಿದರೆ ಹೊಟ್ಟೆ ಉರಿಯುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಒಂದು ಮಗುವಿನ ಪೌಷ್ಟಿಕ ಆಹಾರಕ್ಕೆ ದಿನಕ್ಕೆ 8 ರೂಪಾಯಿ ಅಂತ ನಿಗದಿ ಮಾಡಿತು, ಅದರಲ್ಲಿ ಅರ್ಧ ರಾಜ್ಯದ್ದು. ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 12 ರೂಪಾಯಿ. ಅದಾದ ಮೇಲೆ ಬೇಳೆ ಎಣ್ಣೆ ರೇಟು ಎಲ್ಲಿಗೆ ಹೋಯಿತು ಅಂತ ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಸಾಂಬಾರು ನೀರಾಗಿದ್ದರೆ ಸಹಾಯಕಿಯನ್ನು ಬೈಯುವ ಮೊದಲು ಈ ಎಂಟು ರೂಪಾಯಿಯನ್ನು ನೆನೆಸಿಕೊಳ್ಳಿ.

ಸರ್ಕಾರಿ ಶಾಲೆಯ ಎಲ್‌ಕೆಜಿ ಮಕ್ಕಳಿಗೆ ಊಟ ಹೇಗೆ ಅಂತ ನಿಮ್ಮ ಶಾಲೆಯಲ್ಲೇ ಕೇಳಿ. ನನ್ನ ಮಗನ ಶಾಲೆಯಲ್ಲಿ ದೊಡ್ಡ ಮಕ್ಕಳ ಬಿಸಿಯೂಟವೇ ಇವರಿಗೂ ಸಿಗುತ್ತಿತ್ತು. ಖಾರ ಸ್ವಲ್ಪ ಜಾಸ್ತಿ, ಅಷ್ಟೇ.

ಕಲಿಕೆ: ಅಷ್ಟು ಹೊತ್ತು ಒಳಗೆ ಏನು ನಡೆಯುತ್ತದೆ?

ಮಗಳಿಗೆ ಮೂರೂವರೆ ಇದ್ದಾಗ ದಿನಾ ಒಂದು ಪುಟ ಬರೆಯಬೇಕಿತ್ತು, ಕ್ಯಾಪಿಟಲ್ ಎ ಇಂದ ಜೆ ತನಕ. ಪೆನ್ಸಿಲ್ ಒತ್ತಿ ಹಿಡಿದೂ ಹಿಡಿದೂ ನಡುಬೆರಳಿನ ಪಕ್ಕ ಕೆಂಪು ಗುರುತು ಬಿದ್ದಿತ್ತು. ರಾತ್ರಿ ಎಂಟಕ್ಕೆ ಅಳುತ್ತಾ ಬರೆಯುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಗದರುತ್ತಿದ್ದೆ. ಆ ವಯಸ್ಸಿಗೆ ಕೈಬೆರಳಿನ ಸಣ್ಣ ಸ್ನಾಯುಗಳು ಬರವಣಿಗೆಗೆ ಇನ್ನೂ ತಯಾರಾಗಿರುವುದಿಲ್ಲ ಅಂತ ಅವತ್ತು ನನಗೆ ಯಾರೂ ಹೇಳಲಿಲ್ಲ. ಶಾಲೆಯವರನ್ನು ಕೇಳಿದಾಗ "ಪೇರೆಂಟ್ಸೇ ಹೋಂವರ್ಕ್ ಕೇಳ್ತಾರೆ ಮೇಡಂ" ಅಂದರು. ಅದರಲ್ಲೂ ನಿಜ ಇತ್ತು.

ಮಗನ ಅಂಗನವಾಡಿಯಲ್ಲಿ ನಾನು ಕಂಡದ್ದು ಬೇರೆ. ಒಂದು ಸೋಮವಾರ ಬೇಗ ಕರೆದುಕೊಂಡು ಬರಲು ಹೋಗಿದ್ದೆ. ಟೀಚರ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ವೃತ್ತ ಬರೆದಿದ್ದರು. ಒಂದು ಮೊರದ ತುಂಬಾ ಹುಣಸೆ ಬೀಜ, ಹೊಂಗೆ ಎಲೆ, ಬಾಟಲಿ ಮುಚ್ಚಳ. ಮಕ್ಕಳು ವಿಂಗಡಿಸಿ ಒಂದೊಂದು ವೃತ್ತಕ್ಕೆ ಹಾಕಬೇಕು. ನನ್ನ ಮಗ ಒಂದು ಕಂದು ಬಣ್ಣದ ಮುಚ್ಚಳ ಹಿಡಿದು ಬೀಜದ ಕಡೆ ಹೋಗಿ, ನಿಂತು, ನೋಡಿ, ತಿರುಗಿ ಮುಚ್ಚಳದ ಗುಂಪಿಗೆ ಬಂದ. ಟೀಚರ್ ಸರಿ ತಪ್ಪು ಏನೂ ಅನ್ನಲಿಲ್ಲ. "ಯಾಕಪ್ಪಾ ಅಲ್ಲಿ ಹಾಕ್ಲಿಲ್ಲ?" ಅಂತ ಕೇಳಿದರು. "ಇದು ಗಿಡದಲ್ಲಿ ಬಿಡಲ್ಲ" ಅಂದ. ನಾಲ್ಕು ವರ್ಷದ ಮಗು ಹೀಗೆ ಗುಂಪು ಮಾಡಿ, ಕಾರಣ ಹೇಳಿ, ಅದನ್ನೂ ತನ್ನ ಮನೆ ಮಾತಿನಲ್ಲೇ ಹೇಳುವುದು ಮುಂದಿನ ಗಣಿತಕ್ಕೂ ಓದಿಗೂ ಬುನಾದಿ. ಅಂಗನವಾಡಿಗಳಲ್ಲಿ ಬಳಸುವ "ಚಿಲಿಪಿಲಿ" ಚಟುವಟಿಕೆಗಳು ಇಂಥವೇ: ಹಾಡು, ಕಥೆ, ವಿಂಗಡಣೆ, ಬಣ್ಣ, ಕುಣಿತ.

ಎಲ್ಲಾ ಅಂಗನವಾಡಿಯಲ್ಲೂ ಹೀಗೆ ನಡೆಯುತ್ತದೆ ಅಂತ ನಾನು ಹೇಳಲಾರೆ. ನಾದಿನಿಯ ಊರಿನ ಕೇಂದ್ರಕ್ಕೆ ಹೋದಾಗ ಟೀಚರ್ ಮೊಬೈಲಿನಲ್ಲಿ ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರಿ ಆ್ಯಪಿಗೆ ಮಾಹಿತಿ ತುಂಬುತ್ತಿದ್ದರು, ಮಕ್ಕಳು ಗೋಡೆಗೆ ಒರಗಿ ಕೂತಿದ್ದರು. ಅವರ ತಪ್ಪು ಅಂತ ಹೇಳಲು ಬಾಯಿ ಬರಲಿಲ್ಲ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಪಾಠ, ಅಡುಗೆ ಸಾಮಾನಿನ ಲೆಕ್ಕ, ಗರ್ಭಿಣಿಯರ ಊಟ, ಚುಚ್ಚುಮದ್ದಿನ ದಿನ, ಮನೆ ಭೇಟಿ, ಸರ್ವೆ, ಎಷ್ಟೋ ಕಡೆ ಮತದಾರರ ಪಟ್ಟಿ ಕೆಲಸ, ಎಲ್ಲಾ ಅವರ ತಲೆಗೇ. ಇಷ್ಟಕ್ಕೆಲ್ಲಾ ಸಿಗುವುದು ಸಂಬಳವೂ ಅಲ್ಲ, "ಗೌರವಧನ". ಅದರಲ್ಲಿ ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ್ದು ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250; ಅದರಲ್ಲೂ ಒಂದು ಪಾಲು ರಾಜ್ಯದ್ದೇ. ಅದರ ಮೇಲಿನದ್ದನ್ನು ರಾಜ್ಯ ಸೇರಿಸುತ್ತದೆ. ಅವರಿಗೆ ಗ್ರಾಚ್ಯುಟಿ ಸಿಗಬೇಕು ಅಂತ ಆಗಲು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇನ್ನು ಸರ್ಕಾರಿ ಶಾಲೆಯ ಎಲ್‌ಕೆಜಿ ಯುಕೆಜಿ. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ದೊಡ್ಡ ಅನುಕೂಲ ಇರುವುದು ಇಲ್ಲೇ: ಒಂದನೇ ತರಗತಿಗೆ ಹೋಗುವಾಗ ಮಗುವಿಗೆ ಕಟ್ಟಡ, ಗೆಳೆಯರು, ಟೀಚರ್ ಯಾರೂ ಹೊಸಬರಲ್ಲ. ನನ್ನ ಮಗ ಒಂದನೇ ತರಗತಿಯ ಮೊದಲ ದಿನ ಅಳಲಿಲ್ಲ. ಕೊರತೆ ಎಂದರೆ ಶಾಲೆ ದೂರ ಇರಬಹುದು, ತರಗತಿಯಲ್ಲಿ ಮಕ್ಕಳು ಜಾಸ್ತಿ ಇರಬಹುದು, ಟೀಚರ್ ಅತಿಥಿ ಶಿಕ್ಷಕಿಯಾಗಿದ್ದರೆ ವರ್ಷದ ನಡುವೆ ಬದಲಾಗಲೂಬಹುದು. ಪುಟ್ಟ ಮಕ್ಕಳಿಗೆ ಮುಖ ಬದಲಾಗುವುದು ದೊಡ್ಡ ವಿಷಯ.

2024ರಲ್ಲಿ ಶಾಲೆಗಳಲ್ಲಿ ಹೊಸದಾಗಿ ಎಲ್‌ಕೆಜಿ ತೆರೆಯುವ ಆದೇಶ ಬಂದಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಧರಣಿ ಕೂತರು. ನಾಲ್ಕು ವರ್ಷದವರೆಲ್ಲಾ ಶಾಲೆಗೆ ಹೋದರೆ ಅಂಗನವಾಡಿಯೇ ಖಾಲಿ ಅಲ್ವಾ ಅನ್ನೋದು ಅವರ ಭಯ. ಅದೇ ವರ್ಷ ಬೆಂಗಳೂರಿನ 250 ಅಂಗನವಾಡಿಗಳಲ್ಲೇ ಎಲ್‌ಕೆಜಿ ಯುಕೆಜಿ ಶುರು ಮಾಡಿದರು. ನನಗೆ ಈ ಎರಡನೇ ದಾರಿಯೇ ಸರಿ ಅನ್ನಿಸುತ್ತದೆ. ಊಟ, ತೂಕ, ಪಾಠ ಒಂದೇ ಸೂರಿನ ಕೆಳಗೆ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇರಲಿ.

ಇಂಗ್ಲಿಷ್ ಚಿಂತೆ

ನಾದಿನಿಯ ಮುಖ್ಯ ಭಯ ಇದೇ. ಅವಳ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಇಂಗ್ಲಿಷ್ ಬರದೆ ನಾವು ಎಲ್ಲೆಲ್ಲಿ ಹಿಂದೆ ನಿಂತೆವು ಅಂತ ನಮಗೆ ಗೊತ್ತು. ಆದರೆ ನನ್ನ ಮಗಳು ಯುಕೆಜಿಯಲ್ಲಿ ಹೇಳುತ್ತಿದ್ದ ಹನ್ನೆರಡು ರೈಮ್ಸ್‌ನಲ್ಲಿ ಒಂದರ ಅರ್ಥವೂ ಅವಳಿಗೆ ಗೊತ್ತಿರಲಿಲ್ಲ. ಅರ್ಥವಾಗುವ ಭಾಷೆಯಲ್ಲಿ ಮೊದಲು ಮಾತು ಬೆಳೆದ ಮಗು ಎರಡನೇ ಭಾಷೆಯನ್ನೂ ಬೇಗ ಹಿಡಿಯುತ್ತದೆ. ಮಗ ಯುಕೆಜಿಯಲ್ಲಿ ಎರಡೂ ಭಾಷೆಯಲ್ಲಿ ಕಲಿತ. 2019ರಲ್ಲೇ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಗಿದೆ. ಇಂಗ್ಲಿಷಿಗಾಗಿಯೇ ಕಾನ್ವೆಂಟ್ ಅನ್ನುವ ಕಾಲ ಈಗಿಲ್ಲ. ಹತ್ತಿರದ ಶಾಲೆಯಲ್ಲಿ ಆ ವಿಭಾಗ ಇದೆಯಾ ಅಂತ ಮಾತ್ರ ಮೊದಲೇ ವಿಚಾರಿಸಿ.

ಸರ್ಕಾರ ಇದಕ್ಕೆ ದುಡ್ಡು ಹಾಕಿದರೆ ಏನು ಬರುತ್ತದೆ?

ಈ ಪ್ರಶ್ನೆಯನ್ನು ದೊಡ್ಡವರೂ ಕೇಳಿದ್ದಾರೆ, ಲೆಕ್ಕ ಹಾಕಿಯೂ ನೋಡಿದ್ದಾರೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿ ಊರಿನಲ್ಲಿ 1962ರಲ್ಲಿ ಪೆರಿ ಪ್ರಿಸ್ಕೂಲ್ ಅಂತ ಒಂದು ಪ್ರಯೋಗ ಶುರುವಾಯಿತು. 123 ಬಡ ಕಪ್ಪು ಮಕ್ಕಳಲ್ಲಿ 58 ಮಕ್ಕಳಿಗೆ ಒಳ್ಳೆಯ ಪ್ರಿಸ್ಕೂಲ್, ವಾರಕ್ಕೊಮ್ಮೆ ಮನೆ ಭೇಟಿ. ಆ ಮಕ್ಕಳಿಗೆ ನಲವತ್ತು ವರ್ಷ ಆಗುವ ತನಕ ಹಿಂದೆ ಬಿದ್ದು ವಿಚಾರಿಸಿದರು. ಪ್ರಿಸ್ಕೂಲಿಗೆ ಹೋದವರು ಜಾಸ್ತಿ ದುಡಿಯುತ್ತಿದ್ದರು, ಪೊಲೀಸ್ ಕೈಗೆ ಸಿಕ್ಕಿದ್ದು ಕಡಿಮೆ. ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಮತ್ತು ಜೊತೆಗಾರರು ಇದರ ಲಾಭವನ್ನು ವರ್ಷಕ್ಕೆ ಶೇ 7ರಿಂದ 10 ಅಂತ ಲೆಕ್ಕ ಹಾಕಿದರು. ಆದರೆ ಅಲ್ಲಿ ಐದಾರು ಮಕ್ಕಳಿಗೆ ಒಬ್ಬ ಟೀಚರ್ ಇದ್ದರು, ಅದನ್ನು ಮರೆಯಬಾರದು.

ಅದೇ ಅಮೆರಿಕದ ಟೆನ್ನೆಸ್ಸೀ ರಾಜ್ಯದ ಸರ್ಕಾರಿ ಪ್ರಿಸ್ಕೂಲಿನ ಫಲಿತಾಂಶ 2022ರಲ್ಲಿ ಬಂತು. ಅಲ್ಲಿಗೆ ಹೋದ ಮಕ್ಕಳು ಆರನೇ ತರಗತಿಗೆ ಬರುವ ಹೊತ್ತಿಗೆ ಹೋಗದವರಿಗಿಂತ ಹಿಂದೆ ಇದ್ದರು. ಸರ್ಕಾರಿ ಪ್ರಿಸ್ಕೂಲ್ ಅಂದ ಕೂಡಲೇ ಲಾಭ ತಾನಾಗೇ ಬರುವುದಿಲ್ಲ. ಒಳಗೆ ಏನು ನಡೆಯುತ್ತದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ನಮಗೆ ಹೆಚ್ಚು ಹತ್ತಿರದ್ದು ತಮಿಳುನಾಡಿನ ಪ್ರಯೋಗ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು 320 ಅಂಗನವಾಡಿಗಳನ್ನು ತೆಗೆದುಕೊಂಡು, ಅವುಗಳಲ್ಲಿ ಕೆಲವಕ್ಕೆ ಅರ್ಧ ದಿನ ಕೆಲಸ ಮಾಡುವ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಅಷ್ಟೇ ಮಾಡಿದ್ದು. ಕಲಿಕೆಯ ಸಮಯ ಎರಡು ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಮಕ್ಕಳು ಗಣಿತದಲ್ಲೂ ಭಾಷೆಯಲ್ಲೂ ಮುಂದೆ ಬಂದರು, ಕುಂಠಿತ ಬೆಳವಣಿಗೆಯೂ ತೀವ್ರ ಅಪೌಷ್ಟಿಕತೆಯೂ ಕಡಿಮೆಯಾದವು. ಹಾಕಿದ ದುಡ್ಡಿಗೆ 13ರಿಂದ 21 ಪಟ್ಟು ಲಾಭ ಅಂತ ಅವರ ಅಂದಾಜು. ನಾದಿನಿಯ ಊರಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಮಕ್ಕಳು ನನಗೆ ಮತ್ತೆ ಮತ್ತೆ ನೆನಪಾಗುವುದು ಇದಕ್ಕೇ. ಆ ಟೀಚರಿಗೆ ಇನ್ನೊಬ್ಬರು ಜೊತೆಗಿದ್ದಿದ್ದರೆ ಅವತ್ತು ಅಲ್ಲಿ ಕಥೆ ನಡೆಯುತ್ತಿತ್ತು.

ಇನ್ನೂ ಒಂದು ಲಾಭವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮ ಅಂಗನವಾಡಿ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ. ಮಗಳ ಕಾನ್ವೆಂಟ್ ಹನ್ನೆರಡೂವರೆಗೇ ಬಿಡುತ್ತಿತ್ತು, ಆ ವರ್ಷ ನಾನು ಹೊಲಿಗೆ ಕೆಲಸ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಮಗ ಅಂಗನವಾಡಿಗೆ ಹೋದ ವರ್ಷ ದಿನಕ್ಕೆ ಎರಡು ಬ್ಲೌಸ್ ಮುಗಿಸುತ್ತಿದ್ದೆ.

ಹೋಗಿ ನೋಡುವಾಗ

ಬೋರ್ಡು, ಬಣ್ಣ, ಯೂನಿಫಾರ್ಮ್ ನೋಡಿ ತೀರ್ಮಾನ ಮಾಡಬೇಡಿ. ಯಾವುದೇ ಇರಲಿ, ಹೇಳದೆ ಕೇಳದೆ ಹತ್ತೂವರೆ ಹೊತ್ತಿಗೆ ಹೋಗಿ ಅರ್ಧ ಗಂಟೆ ಕೂತು ನೋಡಿ. ಕಲಿಕೆ ನಡೆಯುತ್ತಿದ್ದರೆ ಆಗಲೇ ಕಾಣಬೇಕು. ಮಕ್ಕಳು ಮಾತಾಡುತ್ತಿದ್ದಾರಾ, ಸುಮ್ಮನೆ ಕೈಕಟ್ಟಿ ಕೂತಿದ್ದಾರಾ? ಟೀಚರಿಗೆ ಮಕ್ಕಳ ಹೆಸರು ಗೊತ್ತಾ? ಆಟದ ಸಾಮಾನು ಮಕ್ಕಳ ಕೈಯಲ್ಲಿದೆಯಾ, ಬೀರುವಿನ ಮೇಲೆ ಪ್ಲಾಸ್ಟಿಕ್ ಕವರಿನಲ್ಲೇ ಇದೆಯಾ? ಶೌಚಾಲಯದ ಬಾಗಿಲು ತೆಗೆದು ನೋಡಿ, ನೀರು ಬರುತ್ತಾ ನೋಡಿ. ಕಾನ್ವೆಂಟ್ ಆದರೆ ನಾಲ್ಕು ವರ್ಷದ ಮಗುವಿನ ನೋಟ್‌ಬುಕ್ ಕೇಳಿ ನೋಡಿ. ಪುಟಗಟ್ಟಲೆ ಕಾಪಿ ರೈಟಿಂಗ್ ಇದ್ದರೆ ಅದು ಒಳ್ಳೆಯ ಗುರುತಲ್ಲ.

ನನ್ನ ಮಾತು ಇಷ್ಟು. ನಡೆದು ಹೋಗುವ ದೂರದ ಅಂಗನವಾಡಿಯಲ್ಲಿ ದಿನಕ್ಕೆ ಎರಡು ಗಂಟೆಯಾದರೂ ಆಟ ಪಾಠ ನಡೆಯುತ್ತಿದ್ದರೆ ಮೂರು ಮತ್ತು ನಾಲ್ಕನೇ ವರ್ಷಕ್ಕೆ ಬೇರೆಲ್ಲೂ ಹುಡುಕಬೇಡಿ. ಕೊನೆಯ ವರ್ಷ ಹತ್ತಿರದಲ್ಲಿ ಸರ್ಕಾರಿ ಯುಕೆಜಿ ಇದ್ದು, ಒಂದನೇ ತರಗತಿಗೂ ಅಲ್ಲೇ ಓದಿಸುವ ಯೋಚನೆ ಇದ್ದರೆ ಸೇರಿಸಿ. ಬೆಳಿಗ್ಗೆಯಿಂದ ಸಂಜೆ ಆರರವರೆಗೆ ನೋಡಿಕೊಳ್ಳುವ ಜಾಗ ಬೇಕು, ಮನೆಯಲ್ಲಿ ಅಜ್ಜಿ ತಾತ ಇಲ್ಲ ಅನ್ನುವ ನಗರದವರಿಗೆ ಖಾಸಗಿಯೇ ಗತಿ ಆಗಬಹುದು, ಅದು ನನಗೆ ಅರ್ಥವಾಗುತ್ತದೆ. ಸಾಲ ಮಾಡಿ ಮಾತ್ರ ಕಾನ್ವೆಂಟಿಗೆ ಹಾಕಬೇಡಿ. ಆ ದುಡ್ಡು ಮಗು ಹೈಸ್ಕೂಲಿಗೆ ಬಂದಾಗ ಬೇಕಾಗುತ್ತದೆ.

ಅಂಗನವಾಡಿ ಸರಿಯಿಲ್ಲದಿದ್ದರೆ ಬಿಟ್ಟು ಬರುವ ಮೊದಲು ಒಂದು ಸಲ ಪ್ರಯತ್ನ ಮಾಡಿ. ಪ್ರತಿ ಕೇಂದ್ರಕ್ಕೂ ಒಂದು ಬಾಲವಿಕಾಸ ಸಮಿತಿ ಇರುತ್ತದೆ, ಅದರಲ್ಲಿ ತಾಯಂದಿರಿಗೂ ಜಾಗ ಇದೆ. ಮೇಲ್ವಿಚಾರಕಿಗೆ ಹೇಳಿ, ಆಗಲಿಲ್ಲ ಅಂದರೆ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಅರ್ಜಿ ಕೊಡಿ. ನಿಮ್ಮ ಬೀದಿ ಅಥವಾ ಹಾಡಿಯಲ್ಲಿ ಅಂಗನವಾಡಿಯೇ ಇಲ್ಲದಿದ್ದರೂ ದಾರಿ ಇದೆ. ಆರು ವರ್ಷದೊಳಗಿನ 40 ಮಕ್ಕಳು ಇರುವ ಜಾಗದವರು ಕೇಳಿದರೆ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2006ರ ಡಿಸೆಂಬರ್‌ನಲ್ಲಿ ಆದೇಶ ಮಾಡಿದೆ. ಮಕ್ಕಳ ಹೆಸರು, ವಯಸ್ಸು ಬರೆದ ಪಟ್ಟಿ ಅರ್ಜಿಯ ಜೊತೆ ಇರಲಿ, ಕೊಟ್ಟದ್ದಕ್ಕೆ ಸೀಲು ಹಾಕಿದ ಪ್ರತಿ ಇಸಕೊಳ್ಳಿ.

ನಾದಿನಿಗೆ ಸೋಮವಾರ ಹತ್ತೂವರೆಗೆ ಅವಳ ಊರಿನ ಅಂಗನವಾಡಿಗೆ ಹೋಗಿ ಕೂರಲು ಹೇಳಿದ್ದೇನೆ. ಟೀಚರ್ ಮತ್ತೆ ಮೊಬೈಲ್ ಹಿಡಿದು ಕೂತಿದ್ದರೆ ಅಲ್ಲಿಂದಲೇ ನನಗೆ ಫೋನ್ ಮಾಡು, ಇಬ್ಬರೂ ಸೇರಿ ಮೇಲ್ವಿಚಾರಕಿಯ ಹತ್ತಿರ ಹೋಗೋಣ ಅಂದಿದ್ದೇನೆ.